ಸಕ್ಕರೆಯಿಲ್ಲ, ಮೈದಾ ಇಲ್ಲ: ಹಣ್ಣಿನ ಪೈ ಮಾಡುವ ಬಗೆ, ಲೆಕ್ಕ ಹಾಕುವ ಬಗೆ

ರಾಯಚೂರು: ಮಧುಮೇಹಿಗಳಿರುವ ಮನೆಗಳಲ್ಲಿ ಹಬ್ಬದ ದಿನ ಎರಡು ಬಗೆಯ ಅಡುಗೆ ಸಿದ್ಧವಾಗುವುದು ಈಗ ಸಾಮಾನ್ಯ ಸಂಗತಿ. ಒಂದೆಡೆ ಹೋಳಿಗೆ, ಗೋಧಿ ಹುಗ್ಗಿ. ಇನ್ನೊಂದೆಡೆ ಸಪ್ಪೆ ರೊಟ್ಟಿ, ಪಲ್ಯ. ಈ ತಾರತಮ್ಯವನ್ನು ತಪ್ಪಿಸಲು ಹಲವರು ಬೇಕರಿ ತಿನಿಸಿನ ಮೊರೆ ಹೋಗುತ್ತಿದ್ದಾರೆ. ‘ಸಕ್ಕರೆರಹಿತ’, ‘ಗ್ಲುಟೆನ್‌ರಹಿತ’, ‘ಕಡಿಮೆ ಕಾರ್ಬ್’ ಎಂಬ ಮೂರು ಮಾತುಗಳು ಪೊಟ್ಟಣಗಳ ಮೇಲೆ ಒಟ್ಟೊಟ್ಟಿಗೆ ಕಾಣಿಸಿಕೊಳ್ಳುತ್ತಿವೆ. ಆದರೆ ಈ ಮೂರೂ ಬೇರೆ ಬೇರೆ ಸಂಗತಿಗಳು. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಇರಲೇಬೇಕೆಂದಿಲ್ಲ. ಈ ವ್ಯತ್ಯಾಸ ತಿಳಿಯದೆ ತಿಂದರೆ ರಕ್ತದ ಸಕ್ಕರೆ ಏರುವುದು ಖಚಿತ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ. ಇಷ್ಟು ಮಂದಿಗೆ ಸಂಬಂಧಿಸಿದ ವಿಷಯವಾದ್ದರಿಂದ ಸಿಹಿ ತಿನಿಸಿನ ಲೆಕ್ಕಾಚಾರ ಕೇವಲ ರುಚಿಯ ಮಾತಲ್ಲ. ಸಕ್ಕರೆ, ಮೈದಾ ಎರಡನ್ನೂ ಬಿಟ್ಟು ರಾಯಚೂರು, ಮಾನ್ವಿ, ದೇವದುರ್ಗದ ಸಂತೆಗಳಲ್ಲಿ ದೊರೆಯುವ ಪದಾರ್ಥಗಳಿಂದಲೇ ಹಣ್ಣಿನ ಪೈ ಮಾಡುವುದು ಹೇಗೆ, ಅದರಲ್ಲಿ ಏನಿರುತ್ತದೆ ಎಂಬ ವಿವರ ಇಲ್ಲಿದೆ.

ಪೈ ಎಂದರೇನು?

ಪಾಶ್ಚಾತ್ಯ ಅಡುಗೆಯ ಪೈ, ನಮ್ಮ ಹೋಳಿಗೆ ಮತ್ತು ಕಡುಬಿನ ದೂರದ ಬಂಧು ಎನ್ನಬಹುದು. ಹೊರಗೆ ಕಣಕ, ಒಳಗೆ ಹೂರಣ. ಹೋಳಿಗೆಯನ್ನು ಹಂಚಿನ ಮೇಲೆ ಬೇಯಿಸಿದರೆ ಪೈಯನ್ನು ತಟ್ಟೆಯೊಳಗಿಟ್ಟು ಓವನ್‌ನಲ್ಲಿ ಬೇಯಿಸುತ್ತಾರೆ. ಸಾಮಾನ್ಯ ಪೈಗೆ ಮೈದಾ ಮತ್ತು ಬೆಣ್ಣೆಯ ಕಣಕ. ಹಣ್ಣು, ಸಕ್ಕರೆ, ಜೋಳದ ಗಂಜಿಪುಡಿ ಎಂದು ಕರೆಯಲಾಗುವ ಕಾರ್ನ್‌ಫ್ಲೋರ್‌ನ ಹೂರಣ. ಅಂದರೆ ಶರ್ಕರಪಿಷ್ಟ ಅಥವಾ ಕಾರ್ಬೋಹೈಡ್ರೇಟ್ ನಾಲ್ಕು ದಾರಿಗಳಿಂದ ಒಳಬರುತ್ತದೆ: ಹಿಟ್ಟು, ಸಕ್ಕರೆ, ಗಂಜಿಪುಡಿ ಮತ್ತು ಹಣ್ಣು. ಮೊದಲ ಮೂರನ್ನು ತೆಗೆಯಬಹುದು. ನಾಲ್ಕನೆಯದನ್ನು ತೆಗೆದರೆ ಅದು ಹಣ್ಣಿನ ಪೈ ಆಗದು. ಹೀಗಾಗಿ ಯಾವುದೇ ಹಣ್ಣಿನ ಪೈ ಪೂರ್ಣವಾಗಿ ಶರ್ಕರಪಿಷ್ಟರಹಿತ ಆಗಲು ಸಾಧ್ಯವಿಲ್ಲ. ಕಡಿಮೆ ಮಾಡುವುದಷ್ಟೇ ಸಾಧ್ಯ.

ಗ್ಲುಟೆನ್ ಇಲ್ಲದಿದ್ದರೆ ಕಾರ್ಬ್ ಇಲ್ಲವೇ?

ಬಹುಪಾಲು ಗೊಂದಲ ಇರುವುದು ಇಲ್ಲಿಯೇ. ಗ್ಲುಟೆನ್ ಎಂಬುದು ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಅಂಟು ಗುಣದ ಪ್ರೋಟೀನ್. ಚಪಾತಿ ಹಿಟ್ಟು ಎಳೆದರೆ ಹಿಗ್ಗುವುದು, ಹೋಳಿಗೆಯ ಕಣಕ ಹರಿಯದೆ ಹೂರಣವನ್ನು ಹೊದ್ದುಕೊಳ್ಳುವುದು ಇದರಿಂದಲೇ. ರವೆ, ಮೈದಾ, ಗೋಧಿ ನುಚ್ಚು, ಮಧುಮೇಹಕ್ಕೆ ಒಳ್ಳೆಯದೆಂದು ಮಾರಾಟವಾಗುವ ಕಪ್ಲಿ ಗೋಧಿ ಎಲ್ಲದರಲ್ಲೂ ಗ್ಲುಟೆನ್ ಇದೆ.

ಸೀಲಿಯಾಕ್ ಎಂಬ ಕಾಯಿಲೆ ಇರುವವರಿಗೆ ಗ್ಲುಟೆನ್ ವಿಷದಂತೆ. ಅವರ ದೇಹದ ರೋಗನಿರೋಧಕ ವ್ಯವಸ್ಥೆ ಗ್ಲುಟೆನ್ ಕಂಡೊಡನೆ ಸಣ್ಣ ಕರುಳಿನ ಒಳಪದರದ ಮೇಲೆಯೇ ದಾಳಿ ಮಾಡುತ್ತದೆ. ಗೋಧಿಯೇ ಇದಕ್ಕೆ ಕಾರಣ ಎಂಬುದನ್ನು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ 1950ರ ಸುಮಾರಿಗೆ ತೋರಿಸಿಕೊಟ್ಟರು. ಭಾರತದಲ್ಲಿ ಗೋಧಿಯೇ ಮುಖ್ಯ ಆಹಾರವಾಗಿರುವ ಉತ್ತರ ರಾಜ್ಯಗಳಲ್ಲಿ ಈ ಕಾಯಿಲೆ ಹೆಚ್ಚು, ದಕ್ಷಿಣದಲ್ಲಿ ವಿರಳ. ಒಂದನೇ ಬಗೆಯ ಮಧುಮೇಹ ಇರುವ ಮಕ್ಕಳಲ್ಲಿ ಸೀಲಿಯಾಕ್ ಕಾಣಿಸಿಕೊಳ್ಳುವ ಸಾಧ್ಯತೆ ಇತರರಿಗಿಂತ ಹೆಚ್ಚು. ಅಂಥ ಮನೆಗಳಲ್ಲಿ ಎರಡೂ ಪಥ್ಯಗಳನ್ನು ಒಟ್ಟಿಗೆ ಪಾಲಿಸಬೇಕಾಗುತ್ತದೆ.

ಸೀಲಿಯಾಕ್ ಇಲ್ಲದ ಮಧುಮೇಹಿಗೆ ಗ್ಲುಟೆನ್ ಬಿಟ್ಟ ಮಾತ್ರಕ್ಕೆ ಲಾಭವಿಲ್ಲ. ರಾಯಚೂರು ಸೀಮೆಯ ಬಿಳಿಜೋಳವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಜೋಳ, ಸಜ್ಜೆ, ನವಣೆ, ಅಕ್ಕಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ಆದರೆ 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟ ಇದೆ. ಮೈದಾದಲ್ಲಿ ಇರುವುದು 75 ಗ್ರಾಂ ಆಸುಪಾಸು. ನಾರಿನಂಶ ಹೆಚ್ಚಿರುವುದರಿಂದ ಜೋಳ ಮೈದಾಗಿಂತ ಉತ್ತಮ ಎಂಬುದು ನಿಜ. ಅದು ಕಡಿಮೆ ಕಾರ್ಬ್ ಆಹಾರ ಎಂಬುದು ನಿಜವಲ್ಲ.

1953ರಲ್ಲಿ ತುಂಗಭದ್ರಾ ಜಲಾಶಯ ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಮಾನ್ವಿ ಭಾಗದ ಹೊಲಗಳು ಭತ್ತದ ಗದ್ದೆಗಳಾದವು. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗ ಭಾಗಕ್ಕೂ ಅದೇ ಬದಲಾವಣೆ ತಂದಿತು. ರೊಟ್ಟಿಯ ತಟ್ಟೆಗೆ ಅನ್ನ ಬಂದು ಕುಳಿತಿತು. ಈಗ ಅದೇ ಜೋಳ ‘ಶುಗರ್ ಇದ್ದವರ ಊಟ’ ಎಂಬ ಹೆಸರಿನಲ್ಲಿ ಮರಳಿದೆ. ಮರಳಿದ್ದು ಒಳ್ಳೆಯದೇ. ಆದರೆ ಎಷ್ಟು ರೊಟ್ಟಿ ಎಂಬ ಲೆಕ್ಕ ತಪ್ಪಬಾರದು.

ಬೆಲ್ಲ ಹಾಕಿದರೆ ಆಗದೇ?

ಆಗದು. ಸಕ್ಕರೆಯ ಬದಲು ಬೆಲ್ಲ, ಜೇನು, ಖರ್ಜೂರ ಹಾಕಿ ‘ಸಕ್ಕರೆರಹಿತ’ ಎಂದು ಕರೆಯುವ ರೂಢಿ ಮನೆಗಳಲ್ಲೂ ಅಂಗಡಿಗಳಲ್ಲೂ ಇದೆ. 100 ಗ್ರಾಂ ಬೆಲ್ಲದಲ್ಲಿ 85 ಗ್ರಾಂಗೂ ಹೆಚ್ಚು, ಜೇನಿನಲ್ಲಿ 80 ಗ್ರಾಂ, ಒಣ ಖರ್ಜೂರದಲ್ಲಿ 75 ಗ್ರಾಂ ಆಸುಪಾಸಿನಲ್ಲಿ ಶರ್ಕರಪಿಷ್ಟ ಇರುತ್ತದೆ. ಅಲ್ಪಸ್ವಲ್ಪ ಖನಿಜಾಂಶ ಇದ್ದ ಮಾತ್ರಕ್ಕೆ ರಕ್ತದ ಸಕ್ಕರೆಯ ಮೇಲಿನ ಪರಿಣಾಮ ಬದಲಾಗುವುದಿಲ್ಲ. ಜೇನು ಮತ್ತು ಹಣ್ಣಿನ ರಸದ ಸಕ್ಕರೆಯನ್ನೂ ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಮಿತಿಗೊಳಿಸಬೇಕಾದ ಸಕ್ಕರೆಯ ಪಟ್ಟಿಗೆ ಸೇರಿಸಿದೆ. ಇಡೀ ಹಣ್ಣಿನೊಳಗಿನ ಸಕ್ಕರೆಗೆ ಈ ಮಿತಿ ಅನ್ವಯಿಸುವುದಿಲ್ಲ.

ಲೆಕ್ಕ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. 200 ಗ್ರಾಂ ಮೈದಾ, 150 ಗ್ರಾಂ ಸಕ್ಕರೆ, ಅರ್ಧ ಕಿಲೋ ಹಣ್ಣು ಹಾಕಿದ ಪೈಯನ್ನು ಎಂಟು ತುಂಡು ಮಾಡಿದರೆ ಪ್ರತಿ ತುಂಡಿನಲ್ಲಿ ಸುಮಾರು 46 ಗ್ರಾಂ ಶರ್ಕರಪಿಷ್ಟ. ಮೈದಾ ಬದಲು ಜೋಳದ ಹಿಟ್ಟು, ಸಕ್ಕರೆ ಬದಲು ಬೆಲ್ಲ ಹಾಕಿದರೂ ತುಂಡಿಗೆ 40 ಗ್ರಾಂ ದಾಟುತ್ತದೆ. ಈ ಎರಡನೆಯ ಪೈ ಗ್ಲುಟೆನ್‌ರಹಿತ ಹೌದು, ಸಕ್ಕರೆಪುಡಿ ಇಲ್ಲದ್ದೂ ಹೌದು. ಮಧುಮೇಹಿಗೆ ಮಾತ್ರ ಅದರಿಂದ ಹೆಚ್ಚಿನ ಉಪಯೋಗವಿಲ್ಲ.

ಕಣಕಕ್ಕೆ ಶೇಂಗಾ

ಹಿಟ್ಟಿನ ಜಾಗಕ್ಕೆ ಬರಬೇಕಾದದ್ದು ಕೊಬ್ಬು ಮತ್ತು ಪ್ರೋಟೀನ್ ಹೆಚ್ಚಿರುವ ಬೀಜಗಳ ಪುಡಿ. ಪಾಶ್ಚಾತ್ಯ ಅಡುಗೆಯಲ್ಲಿ ಇದಕ್ಕೆ ಬಾದಾಮಿ ಬಳಸುತ್ತಾರೆ. ಬಾದಾಮಿಯ ಬೆಲೆ ಎಲ್ಲರಿಗೂ ಎಟುಕುವುದಿಲ್ಲ. ಚಟ್ನಿಪುಡಿ, ಹೋಳಿಗೆ ಎರಡಕ್ಕೂ ಶೇಂಗಾ ಬಳಸುವ ಈ ಭಾಗದ ಅಡುಗೆಮನೆಯಲ್ಲಿ ಉತ್ತರ ಸಿದ್ಧವಾಗಿಯೇ ಇದೆ. 100 ಗ್ರಾಂ ಶೇಂಗಾದಲ್ಲಿ ಶರ್ಕರಪಿಷ್ಟ 16 ಗ್ರಾಂ ಮಾತ್ರ. ಅದರಲ್ಲೂ ಅರ್ಧದಷ್ಟು ನಾರು. ಪ್ರೋಟೀನ್ 25 ಗ್ರಾಂ. ಬಾದಾಮಿಯಲ್ಲಿ ಶರ್ಕರಪಿಷ್ಟ 21 ಗ್ರಾಂ ಆಸುಪಾಸು, ಅದರಲ್ಲಿ 12 ಗ್ರಾಂ ನಾರು.

ಬೀಜದ ಪುಡಿಗೆ ಅಂಟು ಇಲ್ಲ. ಜೋಳದ ಹಿಟ್ಟಿಗೂ ಇಲ್ಲ. ಅದಕ್ಕಾಗಿಯೇ ರೊಟ್ಟಿ ಬಡಿಯುವವರು ಕುದಿಯುವ ಎಸರು ಸುರಿದು ಹಿಟ್ಟು ನಾದುತ್ತಾರೆ. ಬಿಸಿನೀರಿಗೆ ಹಿಟ್ಟಿನ ಗಂಜಿ ಬೆಂದು ಅಂಟಾಗಿ ಹಿಡಿದುಕೊಳ್ಳುತ್ತದೆ. ಶೇಂಗಾ ಪುಡಿಯಲ್ಲಿ ಅಷ್ಟು ಗಂಜಿ ಇಲ್ಲದ ಕಾರಣ ಎಸರಿನ ಉಪಾಯ ನಡೆಯದು. ಬದಲಿಗೆ ಮೊಟ್ಟೆ ಅಥವಾ ನೀರು ಹೀರಿ ಲೋಳೆಯಾಗುವ ಇಸಬ್‌ಗೋಲ್ ಮತ್ತು ಅಗಸಿ ಪುಡಿ ಬೇಕಾಗುತ್ತದೆ.

ಹೂರಣಕ್ಕೆ ಯಾವ ಹಣ್ಣು?

100 ಗ್ರಾಂ ಹಣ್ಣಿನಲ್ಲಿರುವ ಶರ್ಕರಪಿಷ್ಟದ ಪ್ರಮಾಣ ಸರಿಸುಮಾರು ಹೀಗಿದೆ: ಸ್ಟ್ರಾಬೆರಿ 8 ಗ್ರಾಂ, ಪಪ್ಪಾಯಿ 11, ಪೇರಲ ಮತ್ತು ಸೇಬು 14, ಮಾವು 15, ದಾಳಿಂಬೆ 19, ಚಿಕ್ಕು 20, ಬಾಳೆ 23, ಸೀತಾಫಲ 24. ಪಪ್ಪಾಯಿಯಲ್ಲಿ ನೀರು ಹೆಚ್ಚು, ಕಣಕ ನೆನೆದು ಹಾಳಾಗುತ್ತದೆ. ಸ್ಟ್ರಾಬೆರಿ ಇಲ್ಲಿಯ ಬೆಳೆಯಲ್ಲ. ಪೇರಲ ಎಲ್ಲ ರೀತಿಯಿಂದಲೂ ಸೂಕ್ತ. 14 ಗ್ರಾಂ ಶರ್ಕರಪಿಷ್ಟದಲ್ಲಿ 5 ಗ್ರಾಂ ನಾರು. ಜೊತೆಗೆ ಪೆಕ್ಟಿನ್ ಎಂಬ ಮಂದಗೊಳಿಸುವ ಅಂಶ ಹೇರಳವಾಗಿರುವುದರಿಂದ ಕಾರ್ನ್‌ಫ್ಲೋರ್ ಹಾಕುವ ಅಗತ್ಯವೇ ಬೀಳುವುದಿಲ್ಲ.

ಆದರೂ ಒಂದು ತೊಡಕಿದೆ. ಪೆಕ್ಟಿನ್ ಜಾಮ್‌ನಂತೆ ಗಟ್ಟಿಯಾಗಲು ಹುಳಿಯ ಜೊತೆಗೆ ಹೆಚ್ಚಿನ ಸಕ್ಕರೆಯೂ ಬೇಕು. ಸಕ್ಕರೆ ಇಲ್ಲದಿದ್ದಾಗ ತಿರುಳನ್ನು ಚೆನ್ನಾಗಿ ಬತ್ತಿಸಬೇಕು, ಚಮಚ ಇಸಬ್‌ಗೋಲ್ ಸೇರಿಸಬೇಕು. ಸಕ್ಕರೆ ಕೇವಲ ಸಿಹಿಯ ಕೆಲಸ ಮಾಡುವುದಿಲ್ಲ. ತೇವ ಹಿಡಿಯುವುದು, ಕಂದು ಬಣ್ಣ ತರುವುದು, ಕೆಡದಂತೆ ಕಾಯುವುದು ಸಹ ಅದರ ಕೆಲಸವೇ. ಆದ್ದರಿಂದ ಸಕ್ಕರೆ ಇಲ್ಲದ ಪೈ ಬಣ್ಣದಲ್ಲಿ ತುಸು ಪೇಲವ, ಬಾಳಿಕೆಯಲ್ಲಿ ಕಡಿಮೆ.

ಬೇಕಾಗುವ ಸಾಮಗ್ರಿ

ಎಂಟು ಅಂಗುಲದ ತಟ್ಟೆಗೆ, ಎಂಟು ತುಂಡುಗಳಿಗೆ:

ಕಣಕಕ್ಕೆ: ಶೇಂಗಾ ಪುಡಿ 100 ಗ್ರಾಂ, ಬಾದಾಮಿ ಪುಡಿ 100 ಗ್ರಾಂ, ಅಗಸಿ ಪುಡಿ 20 ಗ್ರಾಂ, ತುಪ್ಪ 40 ಗ್ರಾಂ, ಮೊಟ್ಟೆ 1, ಚಿಟಿಕೆ ಉಪ್ಪು. ಮೊಟ್ಟೆ ತಿನ್ನದವರು ಅದರ ಬದಲು ಎರಡು ಚಮಚ ಇಸಬ್‌ಗೋಲನ್ನು ನಾಲ್ಕು ದೊಡ್ಡ ಚಮಚ ನೀರಿನಲ್ಲಿ ನೆನೆಸಿ ಬಳಸಬಹುದು. ಬಾದಾಮಿ ಇಲ್ಲದಿದ್ದರೆ ಪೂರ್ತಿ 200 ಗ್ರಾಂ ಶೇಂಗಾ ಸಾಕು. ಆಗ ತುಪ್ಪವನ್ನು 25 ಗ್ರಾಂಗೆ ಇಳಿಸಬೇಕು.

ಹೂರಣಕ್ಕೆ: ಬೀಜ ತೆಗೆದ ಮಾಗಿದ ಪೇರಲ ತಿರುಳು 500 ಗ್ರಾಂ, ಲಿಂಬೆರಸ 1 ದೊಡ್ಡ ಚಮಚ, ಇಸಬ್‌ಗೋಲ್ 1 ಚಮಚ, ಏಲಕ್ಕಿ, ಚೂರು ಚಕ್ಕೆ ಪುಡಿ, ಚಿಟಿಕೆ ಉಪ್ಪು.

ಮಾಡುವ ವಿಧಾನ

ಶೇಂಗಾವನ್ನು ಹದವಾಗಿ ಹುರಿದು, ಸಿಪ್ಪೆ ತೆಗೆದು, ಪೂರ್ತಿ ಆರಿದ ಮೇಲೆ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ ಪುಡಿ ಮಾಡಬೇಕು. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬೂಷ್ಟು ಹಿಡಿದ, ಬಣ್ಣಗೆಟ್ಟ, ಸುಕ್ಕುಗಟ್ಟಿದ ಕಾಳುಗಳನ್ನು ಮೊದಲೇ ಆರಿಸಿ ಎಸೆಯುವುದು ಕಡ್ಡಾಯ. ಶೇಂಗಾದ ಬೂಷ್ಟಿನಲ್ಲಿ ಯಕೃತ್ತಿಗೆ ಮಾರಕವಾದ ಅಫ್ಲಾಟಾಕ್ಸಿನ್ ಎಂಬ ವಿಷ ಇರುವ ಸಂಭವವಿದೆ. ಹುರಿದರೂ ಅದು ಪೂರ್ತಿ ನಾಶವಾಗುವುದಿಲ್ಲ.

ಪುಡಿಗಳಿಗೆ ಉಪ್ಪು, ತುಪ್ಪ ಸೇರಿಸಿ ಬೆರಳ ತುದಿಯಿಂದ ಉಜ್ಜಿ, ನಂತರ ಮೊಟ್ಟೆ ಹಾಕಿ ಉಂಡೆ ಕಟ್ಟಬೇಕು. ಇದನ್ನು ಲಟ್ಟಿಸಲು ಬಾರದು, ಹರಿಯುತ್ತದೆ. ತುಪ್ಪ ಸವರಿದ ತಟ್ಟೆಯಲ್ಲಿಟ್ಟು ಬೆರಳಿನಿಂದ ಒತ್ತುತ್ತಾ ತಳಕ್ಕೂ ಅಂಚಿಗೂ ಸಮನಾಗಿ ಹರಡಬೇಕು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಊರಿನಲ್ಲಿ ಕಣಕದ ತುಪ್ಪ ಕೈಯಲ್ಲೇ ಕರಗುವುದು ಸಹಜ. ತಟ್ಟೆಯನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿ ಇಟ್ಟರೆ ಆಕಾರ ನಿಲ್ಲುತ್ತದೆ. ಬಳಿಕ ತಳಕ್ಕೆ ಫೋರ್ಕ್‌ನಿಂದ ಅಲ್ಲಲ್ಲಿ ಚುಚ್ಚಿ, 170 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಓವನ್‌ನಲ್ಲಿ 12 ನಿಮಿಷ ಬರೀ ಕಣಕವನ್ನು ಬೇಯಿಸಬೇಕು. ಬೀಜದ ಪುಡಿ ಮೈದಾಗಿಂತ ಬೇಗ ಸೀಯುವುದರಿಂದ ಕೊನೆಯ ನಿಮಿಷಗಳಲ್ಲಿ ಕಣ್ಣಿಟ್ಟಿರಬೇಕು.

ಇತ್ತ ಪೇರಲ ತಿರುಳನ್ನು ಅರ್ಧ ಬಟ್ಟಲು ನೀರಿನಲ್ಲಿ ಬೇಯಿಸಿ, ಮಸೆದು, ಮಂದ ಉರಿಯಲ್ಲಿ ಹೂರಣದ ಹದಕ್ಕೆ ಬತ್ತಿಸಬೇಕು. ಚಮಚದಿಂದ ಎತ್ತಿದರೆ ಜಾರದೆ ಮುದ್ದೆಯಾಗಿ ಬೀಳುವುದೇ ಹದ. ಇಳಿಸಿದ ಮೇಲೆ ಲಿಂಬೆರಸ, ಏಲಕ್ಕಿ, ಚಕ್ಕೆ, ಉಪ್ಪು, ಇಸಬ್‌ಗೋಲ್ ಬೆರೆಸಿ 10 ನಿಮಿಷ ಬಿಡಬೇಕು. ಬೆಂದ ಕಣಕದೊಳಗೆ ತುಂಬಿ ಮತ್ತೆ 15ರಿಂದ 20 ನಿಮಿಷ ಬೇಯಿಸಿದರೆ ಪೈ ಸಿದ್ಧ. ಬಿಸಿಯಿರುವಾಗ ಕತ್ತರಿಸಿದರೆ ಪುಡಿಪುಡಿಯಾಗುತ್ತದೆ. ಎರಡು ಗಂಟೆ ಆರಲು ಬಿಡುವುದು ಅಗತ್ಯ. ಫ್ರಿಜ್‌ನಲ್ಲಿ ಇಟ್ಟು ಎರಡು ಮೂರು ದಿನದೊಳಗೆ ಮುಗಿಸಬೇಕು.

ಓವನ್ ಇಲ್ಲದವರು ದಪ್ಪ ತಳದ ಕುಕ್ಕರ್ ಬಳಸಬಹುದು. ತಳಕ್ಕೆ ಒಂದು ಅಂಗುಲ ಉಪ್ಪು ಅಥವಾ ಮರಳು ಹರಡಿ, ಮೇಲೊಂದು ಸಿಂಬಿ ಇಟ್ಟು, ರಬ್ಬರ್ ಗ್ಯಾಸ್ಕೆಟ್ ಮತ್ತು ಸೀಟಿ ತೆಗೆದು 10 ನಿಮಿಷ ಕಾಯಿಸಿದ ಮೇಲೆ ತಟ್ಟೆ ಇಡಬೇಕು. ಇಲ್ಲಿ ಉಷ್ಣಾಂಶ ಅಳೆಯಲು ಬಾರದ ಕಾರಣ ಬಣ್ಣ, ವಾಸನೆಯೇ ಆಧಾರ.

ಒಂದು ತುಂಡಿನಲ್ಲಿ ಎಷ್ಟು?

ಮೇಲಿನ ಅಳತೆಯ ಪೈಯಲ್ಲಿ ಒಂದು ತುಂಡಿಗೆ ಸುಮಾರು 15 ಗ್ರಾಂ ಶರ್ಕರಪಿಷ್ಟ ಬರುತ್ತದೆ. ನಾರನ್ನು ಕಳೆದರೆ ಉಳಿಯುವುದು 8 ಗ್ರಾಂ. ಮೈದಾ ಪೈಯ ಮೂರನೇ ಒಂದು ಭಾಗ. ಶರ್ಕರಪಿಷ್ಟ ಎಣಿಸಿ ಇನ್ಸುಲಿನ್ ತೆಗೆದುಕೊಳ್ಳುವವರ ಲೆಕ್ಕದಲ್ಲಿ 15 ಗ್ರಾಂ ಎಂದರೆ ಒಂದು ಪಾಲು.

ಇದನ್ನು ಕಂಡು ಎಷ್ಟಾದರೂ ತಿನ್ನಬಹುದು ಎಂದು ಭಾವಿಸಬಾರದು. ಬೀಜ ಮತ್ತು ತುಪ್ಪದ ಕೊಬ್ಬಿನಿಂದಾಗಿ ಒಂದು ತುಂಡಿಗೆ ಸುಮಾರು 250 ಕಿಲೋ ಕ್ಯಾಲರಿ ಶಕ್ತಿ ಸೇರುತ್ತದೆ. 50 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಲ್ಲಿ ಇರುವುದು 170ರ ಆಸುಪಾಸು. ಮೂರು ತುಂಡು ತಿಂದರೆ ಒಂದು ಹೊತ್ತಿನ ಊಟವೇ ಆದಂತೆ.

ಸಿಹಿಕಾರಕ ಬೇಕೇ?

ಚೆನ್ನಾಗಿ ಮಾಗಿದ ಪೇರಲ ಇದ್ದರೆ ಸಿಹಿಕಾರಕ ಬೇಡ. ಬೇಕೇ ಬೇಕೆನ್ನುವವರು ಕೆಲವು ಸಂಗತಿಗಳನ್ನು ಗಮನಿಸಬೇಕು. ಆಸ್ಪರ್ಟೇಮ್ ಬಿಸಿಗೆ ಸಿಹಿ ಕಳೆದುಕೊಳ್ಳುತ್ತದೆ, ಬೇಕಿಂಗ್‌ಗೆ ತಕ್ಕುದಲ್ಲ. ಸುಕ್ರಲೋಸನ್ನು 120 ಡಿಗ್ರಿಗಿಂತ ಹೆಚ್ಚು ಕಾಯಿಸಿದರೆ ಹಾನಿಕರ ಸಂಯುಕ್ತಗಳು ಉಂಟಾಗುವ ಸಾಧ್ಯತೆಯ ಬಗ್ಗೆ ಜರ್ಮನಿಯ ಸರ್ಕಾರಿ ಸಂಸ್ಥೆಯೊಂದು 2019ರಲ್ಲಿ ಎಚ್ಚರಿಸಿತ್ತು. ಸ್ಟೀವಿಯಾ ಎಲೆಯಿಂದ ಪಡೆಯುವ ಸ್ಟೀವಿಯಾಲ್ ಗ್ಲೈಕೋಸೈಡ್ ಬಿಸಿ ತಾಳುತ್ತದೆ. ಇದಕ್ಕೆ ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2015ರಲ್ಲಿ ಅನುಮತಿ ನೀಡಿದೆ. ಆದರೆ ಕೆಲವು ಸಿಹಿಕಾರಕ ಪುಡಿಗಳಿಗೆ ತೂಕ ಬರಲೆಂದು ಮಾಲ್ಟೋಡೆಕ್ಸ್ಟ್ರಿನ್ ಅಥವಾ ಡೆಕ್ಸ್ಟ್ರೋಸ್ ಬೆರೆಸಿರುತ್ತಾರೆ. ಇವೆರಡೂ ರಕ್ತದ ಸಕ್ಕರೆ ಏರಿಸುವ ಪದಾರ್ಥಗಳೇ.

ತೂಕ ಇಳಿಸುವ ಉದ್ದೇಶಕ್ಕೆ ಸಿಹಿಕಾರಕಗಳನ್ನು ಅವಲಂಬಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಲಹೆ ನೀಡಿತು. ಈಗಾಗಲೇ ಮಧುಮೇಹ ಇರುವವರನ್ನು ಆ ಸಲಹೆಯಿಂದ ಹೊರಗಿಡಲಾಗಿದೆ ಎಂಬುದು ಗಮನಾರ್ಹ.

ಪೊಟ್ಟಣದ ಮೇಲಿನ ಮಾತು

ಪ್ರಾಧಿಕಾರದ ನಿಯಮದಂತೆ 100 ಗ್ರಾಂ ಪದಾರ್ಥದಲ್ಲಿ ಸಕ್ಕರೆ ಅರ್ಧ ಗ್ರಾಂ ಮೀರದಿದ್ದರೆ ಮಾತ್ರ ‘ಸಕ್ಕರೆರಹಿತ’ ಎನ್ನಬಹುದು. ‘ಸಕ್ಕರೆ ಸೇರಿಸಿಲ್ಲ’ ಎಂಬುದು ಬೇರೆ ಮಾತು. ಹಣ್ಣಿನ ಸಹಜ ಸಕ್ಕರೆ ಅದರಲ್ಲಿ ಇದ್ದೇ ಇರುತ್ತದೆ. ಈ ಲೆಕ್ಕದಲ್ಲಿ ಹಣ್ಣಿನ ಪೈ ಎಂದಿಗೂ ‘ಸಕ್ಕರೆರಹಿತ’ ಅಲ್ಲ, ‘ಸಕ್ಕರೆ ಸೇರಿಸದ’ ತಿನಿಸು. ‘ಗ್ಲುಟೆನ್‌ರಹಿತ’ ಎನ್ನಲು ಒಂದು ಕಿಲೋದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರುವಂತಿಲ್ಲ.

ಸೀಲಿಯಾಕ್ ಇರುವವರಿಗೆ ಈ ಕೊನೆಯ ಅಂಕಿ ಬಹು ಮುಖ್ಯ. ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿಸಿದರೆ ಗೋಧಿಯ ಹಿಟ್ಟು ಬೆರೆಯುತ್ತದೆ. ಅಂಗಡಿಯ ಇಂಗಿನಲ್ಲಿ ಸಾಮಾನ್ಯವಾಗಿ ಮೈದಾ ಇರುತ್ತದೆ. ಪೈಗೆ ಬಳಸುವ ಬೀಜಗಳನ್ನು ಮನೆಯಲ್ಲೇ, ಗೋಧಿ ತಾಗದ ಮಿಕ್ಸಿಯಲ್ಲಿ ಪುಡಿ ಮಾಡುವುದು ಕ್ಷೇಮ.

ಯಾರು ಎಚ್ಚರ ವಹಿಸಬೇಕು?

ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟದ ಬದಲು ಕಡಿಮೆ ಕಾರ್ಬ್ ತಿನಿಸು ತಿಂದು ಔಷಧದ ಪ್ರಮಾಣವನ್ನು ಹಾಗೆಯೇ ಮುಂದುವರಿಸಿದರೆ ರಕ್ತದ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಕುಸಿಯಬಹುದು. ಬೆವರು, ನಡುಕ, ತಲೆಸುತ್ತು, ಗೊಂದಲ ಇದರ ಲಕ್ಷಣಗಳು. ಆಗ ಕೂಡಲೇ ಬೇಕಾದದ್ದು ಸಕ್ಕರೆ ಅಥವಾ ಗ್ಲೂಕೋಸ್. ಈ ಪೈ ಆ ಹೊತ್ತಿಗೆ ಉಪಯೋಗಕ್ಕೆ ಬಾರದು. ಮೂತ್ರಪಿಂಡದ ತೊಂದರೆ ಇರುವವರು ಬೀಜಗಳ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಬೇಕು. ಶೇಂಗಾ ಅಲರ್ಜಿ ಇರುವವರು ಇದನ್ನು ಮುಟ್ಟಲೇಬಾರದು. ಅತಿಥಿಗಳಿಗೆ ಕೊಡುವಾಗ ಏನೇನು ಹಾಕಿದೆ ಎಂದು ಮೊದಲೇ ತಿಳಿಸುವುದು ಒಳಿತು.

ತನಗೆ ಮಧುಮೇಹ ಇದೆಯೋ ಇಲ್ಲವೋ ಎಂಬುದೇ ಗೊತ್ತಿಲ್ಲದವರ ಸಂಖ್ಯೆಯೂ ದೊಡ್ಡದಿದೆ. 30 ವರ್ಷ ದಾಟಿದವರಿಗೆ ರಕ್ತದ ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಯಾವ ಪಥ್ಯ ಬೇಕು ಎಂಬುದನ್ನು ನಿರ್ಧರಿಸುವ ಮೊದಲು ಆ ಪರೀಕ್ಷೆ ಆಗಿರಬೇಕು. ಗ್ಲುಟೆನ್ ವಿಷಯದಲ್ಲಂತೂ ಇದು ಇನ್ನಷ್ಟು ಮುಖ್ಯ: ಪರೀಕ್ಷೆಗೆ ಮುನ್ನವೇ ಗೋಧಿ ಬಿಟ್ಟರೆ ಸೀಲಿಯಾಕ್ ಇದ್ದರೂ ರಕ್ತಪರೀಕ್ಷೆಯಲ್ಲಿ ಕಾಣಿಸದೇ ಹೋಗಬಹುದು.

ಸಕ್ಕರೆ, ಮೈದಾ ಬಿಟ್ಟು ಮಾಡಿದ ಪೈ ಔಷಧವಲ್ಲ, ನಿತ್ಯದ ಆಹಾರವೂ ಅಲ್ಲ. ಹಬ್ಬದ ದಿನ ಮನೆಮಂದಿಯೆಲ್ಲ ಒಂದೇ ತಟ್ಟೆಯಿಂದ ಹಂಚಿಕೊಳ್ಳಬಹುದಾದ ಸಿಹಿ ಅದು. ಮಧುಮೇಹಿಯ ಪಾಲಿಗೆ ಅದರ ಅಳತೆ ಒಂದು ತುಂಡು.